ವೆಂಟಿಲೇಟರ್ ತೆಗೆಸಿದ್ವಿ, ಇದು ಮಾರಕ ಪಾಪನಾ?

ಪ್ರಶ್ನೆ: ಸರ್, ನಮ್ಮ ತಂದೆಗೆ ಕ್ಯಾನ್ಸರ್ ಕೊನೇ ಹಂತ, ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ರು, ಕಿಡ್ನಿ ಲಿವರ್ ಎರಡೂ ಕೈಕೊಟ್ಟಿದ್ವು. ಇನ್ನೇನೂ ಪ್ರಯೋಜನ ಇಲ್ಲ ಅಂತ ಡಾಕ್ಟರುಗಳು ಹೇಳಿದ್ಮೇಲೆ ಅಮ್ಮ, ಅಣ್ಣ, ನಾನು ಮಾತಾಡ್ಕೊಂಡು ತೆಗೆಸಿದ್ವಿ. ಸಹಿ ಹಾಕಿದ್ದು ಅಣ್ಣ, ನಾನು ಪಕ್ಕದಲ್ಲೇ ನಿಂತಿದ್ದೆ. ನೋವಿಗೆ ಅಂತ ಮಾರ್ಫಿನ್ ಕೊಡ್ತಿದ್ರು. ಸ್ವಲ್ಪ ಹೊತ್ತಲ್ಲೇ ಅಪ್ಪ ಹೋಗಿಬಿಟ್ರು. ಈಗ ದೊಡ್ಡಮ್ಮ "ನೀವೇ ಕೈಯಾರೆ ಕೊಂದ್ರಿ, ಇದು ಮಾರಕ ಪಾಪ" ಅಂತಾರೆ. ಪಾಪನಿವೇದನೆ ಮಾಡಿದಾಗ ಫಾದರ್ ಇದು ಪಾಪ ಅಲ್ಲಮ್ಮ ಅಂದ್ರು, ಆದ್ರೂ ಸಮಾಧಾನ ಆಗ್ದೆ ಇನ್ನೊಬ್ಬ ಫಾದರ್ ಹತ್ರಾನೂ ಹೋದೆ. ಯಾಕಂದ್ರೆ ಅಪ್ಪ ಬೇಗ ಹೋಗ್ಲಿ ಅಂತ ನಾನೇ ದೇವರನ್ನ ಬೇಡ್ಕೊಂಡಿದ್ದೆ. ಉದ್ದೇಶ ಒಳ್ಳೇದಿದ್ರೆ ಸಾಕಾ? ಮನಸ್ಸಾಕ್ಷಿಯ ಮಾತು ಕೇಳಿ ಅಂತ ಚರ್ಚೇ ಹೇಳತ್ತಲ್ವಾ, ನನ್ನ ಮನಸ್ಸಾಕ್ಷಿ ದಿನಕ್ಕೊಂದು ಹೇಳ್ತಿದೆ.

ಉತ್ತರ: ಉತ್ತರ ಮೊದ್ಲೇ ಹೇಳಿಬಿಡ್ತೀನಿ, ಕಾರಣ ಆಮೇಲೆ. ನೀವು ಬರೆದಿರೋ ಹಾಗೇ ನಡೆದಿದ್ರೆ ನೀವು ಯಾರೂ ಕೊಲೆ ಮಾಡಿಲ್ಲ. ಮಾರಕ ಪಾಪ, ಅಂದ್ರೆ ದೇವರ ಜೊತೆಗಿನ ಸಂಬಂಧಾನೇ ಕಡಿಯೋ ಗಂಭೀರ ಪಾಪ, ಅದರ ಮಾತು ಹಾಗಿರ್ಲಿ, ಇದರಲ್ಲಿ ಲಘು ಪಾಪನೂ ನನಗೆ ಕಾಣ್ತಿಲ್ಲ. ನಿಮ್ಮ ಫಾದರ್ ನಿಮ್ಮ ಕಣ್ಣೀರು ನೋಡಿ ಮನಸ್ಸಿಗೆ ಹಿತವಾಗ್ಲಿ ಅಂತ ಹೇಳಿದ ಮಾತಲ್ಲ ಅದು, ಚರ್ಚಿನ ಬೋಧನೆಯನ್ನೇ ಹೇಳಿದ್ದಾರೆ. ಆದ್ರೆ "ಪಾಪ ಅಲ್ಲ" ಅಂತ ಒಂದೇ ಮಾತಲ್ಲಿ ಹೇಳಿದ್ರೆ ನಿಮಗೆ ಸಾಕಾಗಿಲ್ಲ ಅಂತ ಗೊತ್ತಾಗ್ತಿದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಕ್ಯಾಥೋಲಿಕ್ ನೈತಿಕ ದೈವಶಾಸ್ತ್ರದಲ್ಲಿ ಎರಡು ಪ್ರಶ್ನೆಗಳನ್ನ ಯಾವತ್ತೂ ಬೇರೆಬೇರೆ ಇಟ್ಟು ನೋಡ್ತಾರೆ. ಮಾಡಿದ ಕೆಲಸ ಸರಿಯೋ ತಪ್ಪೋ ಅನ್ನೋದು ಒಂದು. ಮಾಡಿದವರ ಮೇಲೆ ದೋಷ ಎಷ್ಟು ಬರತ್ತೆ ಅನ್ನೋದು ಇನ್ನೊಂದು. ನಮ್ಮ ಜನ ಮನೆಯಲ್ಲಿ, ಚರ್ಚ್ ಅಂಗಳದಲ್ಲಿ, ವಾಟ್ಸಾಪಲ್ಲಿ ಜಗಳ ಆಡೋದೆಲ್ಲ ಬಹುಪಾಲು ಈ ಎರಡನ್ನ ಕಲಸಿಬಿಡೋದ್ರಿಂದ. ಕೆಲಸ ತಪ್ಪು ಅಂದ ತಕ್ಷಣ ಮಾಡಿದವರು ನರಕಕ್ಕೇ ಅಂತ ಒಬ್ಬರು ತೀರ್ಪು ಕೊಡ್ತಾರೆ, ಪಾಪ ಅವರ ಪರಿಸ್ಥಿತಿ ಹಾಗಿತ್ತು ಅಂದ ತಕ್ಷಣ ಹಾಗಾದ್ರೆ ಆ ಕೆಲಸಾನೇ ಸರಿ ಅಂತ ಇನ್ನೊಬ್ಬರು. ಎರಡೂ ಆಗಲ್ಲ. ದೊಡ್ಡಮ್ಮ ಒಂದೇ ವಾಕ್ಯದಲ್ಲಿ ಎರಡಕ್ಕೂ ಉತ್ತರ ಕೊಟ್ಟುಬಿಟ್ಟಿದ್ದಾರೆ, ಎರಡೂ ತಪ್ಪಾಗಿ.

ಎರಡನೇದನ್ನ ಮೊದ್ಲು ತಗೊಳ್ತೀನಿ, ಅದು ಬೇಗ ಮುಗಿಯತ್ತೆ. ಮಾರಕ ಪಾಪ ಅನ್ನೋಕೆ ಮೂರು ಷರತ್ತು ಒಟ್ಟಿಗೆ ಇರ್ಬೇಕು ಅಂತ ಚರ್ಚಿನ ಅಧಿಕೃತ ಬೋಧನೆಯನ್ನ ಒಟ್ಟು ಸೇರಿಸಿರೋ ಧರ್ಮೋಪದೇಶ ಗ್ರಂಥದ (ಕ್ಯಾಟೆಕಿಸಂ) 1857ನೇ ಪ್ಯಾರಾ ಹೇಳತ್ತೆ: ವಿಷಯ ಗಂಭೀರವಾಗಿರ್ಬೇಕು, ಅದು ಗಂಭೀರ ತಪ್ಪು ಅಂತ ಪೂರ್ತಿ ತಿಳಿದಿರ್ಬೇಕು, ತಿಳಿದೂ ಮನಸ್ಸಾರೆ ಒಪ್ಪಿ ಮಾಡಿರ್ಬೇಕು. ಮೂರರಲ್ಲಿ ಒಂದು ಇಲ್ಲ ಅಂದ್ರೂ ಅದು ಮಾರಕ ಪಾಪ ಆಗಲ್ಲ. ಅದೂ ಅಲ್ದೆ ಅಜ್ಞಾನ, ಭಯ, ಒತ್ತಾಯ, ಅಂಟಿದ ಅಭ್ಯಾಸ, ಮನಸ್ಸಿನ ಅಸ್ವಸ್ಥತೆ ಇವೆಲ್ಲ ದೋಷವನ್ನ ಕಮ್ಮಿ ಮಾಡ್ಬಹುದು, ಕೆಲವು ಸಲ ಪೂರ್ತಿ ಇಲ್ಲದ ಹಾಗೂ ಮಾಡ್ಬಹುದು ಅಂತ 1735ನೇ ಪ್ಯಾರಾದಲ್ಲಿದೆ. ಈ ಮೂರರಲ್ಲಿ ಹೊರಗಿನವರ ಕಣ್ಣಿಗೆ ಕಾಣೋದು ಮೊದಲನೇದು ಮಾತ್ರ. ತಿಳುವಳಿಕೆ ಎಷ್ಟಿತ್ತು, ಒಪ್ಪಿಗೆ ಎಷ್ಟಿತ್ತು ಅನ್ನೋದು ನಿಮಗೂ ದೇವರಿಗೂ ಗೊತ್ತು, ನೀವು ಹೇಳಿದ್ರೆ ಪಾಪನಿವೇದನೆ ಕೇಳೋ ಗುರುಗಳಿಗೆ ಅಲ್ಪಸ್ವಲ್ಪ ಗೊತ್ತಾಗತ್ತೆ. ಹಾಗಾಗಿ ಇನ್ನೊಬ್ಬರ ಕಡೆ ಬೆರಳು ತೋರಿಸಿ "ನೀನು ಮಾರಕ ಪಾಪ ಮಾಡಿದ್ದೀಯ" ಅಂತ ಹೇಳೋ ಅಧಿಕಾರ ದೊಡ್ಡಮ್ಮನಿಗೂ ಇಲ್ಲ, ನನಗೂ ಇಲ್ಲ. ನಿಮ್ಮ ವಿಷಯದಲ್ಲಿ ಮೂರು ಜನ ಕೂತು, ಡಾಕ್ಟರ ಮಾತು ಕೇಳಿ, ಅಳ್ತಾ ತಗೊಂಡ ನಿರ್ಧಾರ ಅದು, ದೇವರಿಗೆ ಬೆನ್ನು ತಿರುಗಿಸಬೇಕು ಅಂತ ಮಾಡಿದ್ದು ಅದರಲ್ಲಿ ಎಲ್ಲಿದೆ?

ಇಷ್ಟೇ ಹೇಳಿ ಬಿಟ್ರೆ ನೀವು "ಹಾಗಾದ್ರೆ ಕೆಲಸ ತಪ್ಪೇ, ನಮಗೆ ಗೊತ್ತಿರ್ಲಿಲ್ಲ ಅಂತ ರಿಯಾಯಿತಿ" ಅಂದ್ಕೊಳ್ತೀರಿ. ಇಲ್ಲ, ಕೆಲಸಾನೇ ತಪ್ಪಲ್ಲ. ಅದಕ್ಕೆ ಮೊದಲನೇ ಪ್ರಶ್ನೆಗೆ ಬರ್ಬೇಕು, ಇಲ್ಲೇ ನಿಮ್ಮ "ಉದ್ದೇಶ ಒಳ್ಳೇದಿದ್ರೆ ಸಾಕಾ" ಅನ್ನೋದೂ ಬರತ್ತೆ.

ಈ ಪ್ರಶ್ನೆ ತುಂಬಾ ಹಳೇದು. 12ನೇ ಶತಮಾನದಲ್ಲಿ ಪೀಟರ್ ಅಬೆಲಾರ್ಡ್ ಅಂತ ಪ್ಯಾರಿಸ್ಸಿನ ಭಾರೀ ಬುದ್ಧಿವಂತ ಮೇಷ್ಟ್ರು, ಪಾಪ ಪುಣ್ಯ ಎಲ್ಲ ಒಳಗಿನ ಒಪ್ಪಿಗೆ ಉದ್ದೇಶದಲ್ಲೇ ಇರೋದು, ಹೊರಗಿನ ಕೆಲಸ ಅದಕ್ಕೆ ಏನೂ ಸೇರ್ಸಲ್ಲ ಅಂತ ವಾದ ಮಾಡಿದ್ರು, ಕ್ರಿಸ್ತನನ್ನ ಶಿಲುಬೆಗೆ ಹಾಕಿದವರು ದೇವರಿಗೆ ಮೆಚ್ಚುಗೆ ಆಗತ್ತೆ ಅಂತ ನಿಜವಾಗ್ಲೂ ನಂಬಿ ಮಾಡಿದ್ರೆ ಅವರಿಗೂ ದೋಷ ಇಲ್ಲ ಅನ್ನೋ ತನಕ ಹೋದ್ರು. ಊರೆಲ್ಲ ಗಲಾಟೆ ಆಯ್ತು, ಸಾನ್ಸ್ ಅನ್ನೋ ಕಡೆ ಬಿಷಪ್ಪರ ಸಭೆ ಸೇರಿ ಅವರ ಎಷ್ಟೋ ವಾದಗಳನ್ನ ಖಂಡಿಸ್ತು. ಅವರು ಹೇಳಿದ್ರಲ್ಲಿ ಅರ್ಧ ಸತ್ಯ ಇತ್ತು, ದೋಷದ ಲೆಕ್ಕದಲ್ಲಿ ಒಳಗಿನ ಮನಸ್ಸು ದೊಡ್ಡದು ನಿಜ. ಆದ್ರೆ ಕೆಲಸ ಸರಿಯಾ ತಪ್ಪಾ ಅನ್ನೋದನ್ನ ಉದ್ದೇಶ ಒಂದೇ ತೀರ್ಮಾನ ಮಾಡೋ ಹಾಗಿದ್ರೆ ಜಗತ್ತಲ್ಲಿ ಸಮರ್ಥಿಸಿಕೊಳ್ಳೋಕೆ ಆಗದ ಕ್ರೌರ್ಯ ಒಂದೂ ಉಳಿಯಲ್ಲ, ಯಾಕಂದ್ರೆ ಪ್ರತಿಯೊಬ್ಬ ಕ್ರೂರಿಗೂ ಅವನದೇ ಒಂದು ಒಳ್ಳೇ ಉದ್ದೇಶ ಇದ್ದೇ ಇರತ್ತೆ.

ನೂರು ವರ್ಷ ಆದ್ಮೇಲೆ ಸಂತ ತೋಮಸ್ ಅಕ್ವಿನಾಸ್ ಇದನ್ನ ಕೂಡಿಸಿ ಕಟ್ಟಿದ್ರು, ಇವತ್ತಿಗೂ ಚರ್ಚ್ ಪಾಠ ಮಾಡೋದು ಅದನ್ನೇ. ಒಂದು ಕೆಲಸಕ್ಕೆ ಮೂರು ಮೂಲ. ಆಯ್ಕೆ ಮಾಡಿದ ಕೆಲಸ ಏನು, ಯಾವ ಉದ್ದೇಶಕ್ಕೆ ಮಾಡಿದ್ರಿ, ಯಾವ ಸಂದರ್ಭದಲ್ಲಿ ಮಾಡಿದ್ರಿ. ಒಳ್ಳೇ ಕೆಲಸ ಅನ್ನಿಸಿಕೊಳ್ಳೋಕೆ ಮೂರೂ ನೆಟ್ಟಗಿರ್ಬೇಕು, ಒಂದು ಕೆಟ್ರೂ ಕೆಲಸ ಕೆಟ್ಟಂಗೆ. ದಾನ ಒಳ್ಳೇ ಕೆಲಸ, ಹೆಸರು ಬರ್ಲಿ ಅಂತ ಮಾಡಿದ್ರೆ ಉದ್ದೇಶ ಕೆಡ್ತು. ಇದರಲ್ಲಿ ಕಷ್ಟದ್ದು ಅಂದ್ರೆ ಮೊದಲನೇದು, "ಕೆಲಸ ಏನು" ಅನ್ನೋದು. ಅದು ಕೈ ಮಾಡಿದ ಚಲನೆ ಅಲ್ಲ. ವೆಂಟಿಲೇಟರ್ ಸ್ವಿಚ್ಚನ್ನೇ ನೋಡಿ. ಹುಷಾರಾಗೋ ಸಾಧ್ಯತೆ ಇರೋ ರೋಗಿಯ ಆಸ್ತಿ ಮೇಲೆ ಕಣ್ಣಿಟ್ಟ ಸಂಬಂಧಿಕ ರಾತ್ರಿ ಬಂದು ಸ್ವಿಚ್ ಆಫ್ ಮಾಡ್ತಾನೆ. ರೋಗಿ ಸ್ವಂತ ಉಸಿರಾಡ್ತಾರಾ ಅಂತ ನೋಡೋಕೆ ಡಾಕ್ಟರ್ ಸ್ವಲ್ಪ ಹೊತ್ತು ನಿಲ್ಲಿಸ್ತಾರೆ. ದೇಹ ತಡ್ಕೊಳ್ಳೋಕೆ ಆಗದ, ಫಲ ಕೊಡದ ಚಿಕಿತ್ಸೆ ಸಾಕು ಅಂತ ನಿಮ್ಮಂಥ ಮನೆಯವರು ನಿಲ್ಲಿಸ್ತಾರೆ. ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿದ್ರೆ ಮೂರೂ ಒಂದೇ ಥರ ಕಾಣ್ಬಹುದು, ಆದ್ರೆ ಮೊದಲನೇದು ಕೊಲೆ, ಎರಡನೇದು ಪರೀಕ್ಷೆ, ಮೂರನೇದು ಹೊರೆಯಾದ ಚಿಕಿತ್ಸೆಯನ್ನ ಕೈಬಿಡೋದು. ಆ ಕೈಯ ಹಿಂದಿನ ಇಚ್ಛೆ ನೇರವಾಗಿ ಏನನ್ನ ಆರಿಸ್ಕೊಳ್ತು ಅನ್ನೋದೇ ಕೆಲಸದ ಸ್ವರೂಪ. 1993ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬರೆದ ವೆರಿತಾತಿಸ್ ಸ್ಪ್ಲೆಂಡೋರ್ ಅನ್ನೋ ವಿಶ್ವಪತ್ರದಲ್ಲಿ, ಅಂದ್ರೆ ಇಡೀ ಚರ್ಚಿಗೆ ಅಂತ ಬರೆದ ಬೋಧನಾ ಪತ್ರದಲ್ಲಿ, ಇದನ್ನೇ ಒತ್ತಿ ಹೇಳಿದ್ದಾರೆ, ಹೊರಗಿನ ಭೌತಿಕ ಘಟನೆಯನ್ನಷ್ಟೇ ನೋಡಿ ಇದು ಯಾವ ಕೆಲಸ ಅಂತ ತೀರ್ಮಾನ ಮಾಡೋಕೆ ಆಗಲ್ಲ ಅಂತ.

ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇದೆ, ಅದನ್ನ ಬಿಟ್ಟು ಮುಂದೆ ಹೋದ್ರೆ ನಿಮಗೆ ಅರ್ಧ ಹೇಳಿದಂಗಾಗತ್ತೆ. ಕೆಲವು ಕೆಲಸಗಳು ಸ್ವಭಾವದಲ್ಲೇ ಕೆಟ್ಟವು, ಯಾವ ಉದ್ದೇಶನೂ ಯಾವ ಸಂದರ್ಭನೂ ಅದನ್ನ ಒಳ್ಳೇದು ಮಾಡೋಕೆ ಆಗಲ್ಲ. ನಿರಪರಾಧಿಯನ್ನ ಬೇಕಂತಲೇ ಕೊಲ್ಲೋದು ಅಂಥದ್ದು, ದಯಾಮರಣ ಅಂತ ಒಳ್ಳೇ ಹೆಸರಿಟ್ರೂ ಅಷ್ಟೇ. ಒಳ್ಳೇದಾಗ್ಲಿ ಅಂತ ಕೆಟ್ಟದ್ದು ಮಾಡೋ ವಾದವನ್ನ ಸಂತ ಪೌಲರು ರೋಮನರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲೇ ತಳ್ಳಿಹಾಕಿದ್ದಾರೆ. 1965ರಿಂದೀಚೆಗೆ ಕೆಲವು ದೈವಶಾಸ್ತ್ರಜ್ಞರು ಒಳಿತು ಕೆಡುಕು ಎರಡನ್ನೂ ತಕ್ಕಡಿಗೆ ಹಾಕಿ ಒಳಿತು ಜಾಸ್ತಿ ತೂಗಿದ್ರೆ ಸರಿ ಅನ್ನೋ ಥರದ ವಾದ ಬೆಳೆಸಿದ್ರು, ಆ ಪತ್ರ ಬಂದಿದ್ದೇ ಮುಖ್ಯವಾಗಿ ಅದಕ್ಕೆ ಉತ್ತರವಾಗಿ, ಈ ಜಗಳ ಇನ್ನೂ ತಣ್ಣಗಾಗಿಲ್ಲ ಬಿಡಿ. ಒಂದು ಮಾತು ಮಾತ್ರ ಹೇಳ್ಬೇಕು, ಸ್ವಭಾವದಲ್ಲೇ ಕೆಟ್ಟದ್ದು ಅಂದ ತಕ್ಷಣ ನಮ್ಮ ಜನ ಗರ್ಭಪಾತ, ಲೈಂಗಿಕ ವಿಷಯ ಇಷ್ಟೇ ನೆನಪಿಸ್ಕೊಳ್ತಾರೆ. ಆ ಪತ್ರ ಎರಡನೇ ವ್ಯಾಟಿಕನ್ ಮಹಾಸಭೆಯಿಂದ (1960ರ ದಶಕದಲ್ಲಿ ಲೋಕದ ಬಿಷಪ್ಪರು ಸೇರಿದ್ದ ಸಭೆ) ಎತ್ತಿಕೊಂಡಿರೋ ಪಟ್ಟಿಯಲ್ಲಿ ಗುಲಾಮಗಿರಿ, ಜನರನ್ನ ಗಡೀಪಾರು ಮಾಡೋದು, ಚಿತ್ರಹಿಂಸೆ, ಕೆಲಸದವರನ್ನ ಬರೀ ಲಾಭದ ಸಾಧನ ಥರ ದುಡಿಸ್ಕೊಳ್ಳೋದು ಎಲ್ಲಾ ಇದೆ. ಆ ಸಾಲುಗಳ ಮೇಲೆ ಪ್ರವಚನ ಕೇಳೋದು ಅಪರೂಪ.

ಹಾಗಾದ್ರೆ ನೀವು ಮಾಡಿದ್ದು ಯಾವುದು, ದಯಾಮರಣನಾ, ಹೊರೆಯಾದ ಚಿಕಿತ್ಸೆ ಬಿಟ್ಟಿದ್ದಾ? ದೊಡ್ಡಮ್ಮನ ಜೊತೆ ನಿಮ್ಮ ತಕರಾರು ಇರೋದೇ ಇಲ್ಲಿ.

ಜೀವ ಉಳಿಸ್ಕೊಳ್ಳೋಕೆ ಲೋಕದಲ್ಲಿರೋ ಪ್ರತಿಯೊಂದು ಉಪಾಯನೂ ಮಾಡ್ಲೇಬೇಕು ಅಂತ ಚರ್ಚ್ ಯಾವತ್ತೂ ಹೇಳಿಲ್ಲ. ಇದು ವೆಂಟಿಲೇಟರ್ ಬಂದ್ಮೇಲೆ ಹುಟ್ಟಿದ ವಿನಾಯಿತಿ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಅಲ್ಲ. 16ನೇ ಶತಮಾನದಲ್ಲೇ ಸ್ಪೇನಿನ ದೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯಾ ಕೇಳ್ಕೊಂಡಿದ್ರು, ಕಾಯಿಲೆಯವನಿಗೆ ಅನ್ನ ನುಂಗೋದೇ ಹಿಂಸೆ ಆಗಿ ಬಿಟ್ರೆ ಪಾಪನಾ ಅಂತ, ಅಲ್ಲ ಅಂದ್ರು. ಕೋಳಿಯಂಥ ದುಬಾರಿ ಊಟ ಮಾಡಿದ್ರೆ ಜಾಸ್ತಿ ದಿನ ಬದುಕ್ತೀಯ ಅಂತ ವೈದ್ಯರು ಹೇಳಿದ್ರೂ ಅದನ್ನ ಕೊಂಡು ತಿನ್ನೋ ಕಡ್ಡಾಯ ಇಲ್ಲ, ಸಾಮಾನ್ಯ ಜನ ಉಣ್ಣೋ ಊಟ ಮಾಡಿದ್ರೆ ಸಾಕು ಅಂದ್ರು. ಅರಿವಳಿಕೆ ಇಲ್ದೆ ಕಾಲು ಕತ್ತರಿಸ್ತಿದ್ದ ಕಾಲ, ಅಂಥ ನೋವು ತಡ್ಕೊಂಡು ಜೀವ ಉಳಿಸ್ಕೊಳ್ಳಲೇಬೇಕು ಅಂತ ಯಾರನ್ನೂ ಬಲವಂತ ಮಾಡೋಕಾಗಲ್ಲ ಅಂತಾನೂ ಆಗಿನ ಗುರುಗಳು ಬರೆದ್ರು. ಸಾಧಾರಣ ಉಪಾಯ, ಅಸಾಧಾರಣ ಉಪಾಯ ಅನ್ನೋ ವಿಂಗಡಣೆ ಬೆಳೆದಿದ್ದು ಹೀಗೆ. 1957ರ ನವೆಂಬರಿನಲ್ಲಿ ಅರಿವಳಿಕೆ ಡಾಕ್ಟರುಗಳು ಉಸಿರಾಟದ ಯಂತ್ರದ ಬಗ್ಗೆಯೇ ನೇರವಾಗಿ ಕೇಳಿದಾಗ ಪೋಪ್ ಹನ್ನೆರಡನೇ ಪಯಸ್ ಇದೇ ವಿಂಗಡಣೆ ಇಟ್ಕೊಂಡು ಉತ್ತರ ಕೊಟ್ರು: ರೋಗಿಗೋ ಬೇರೆಯವರಿಗೋ ಭಾರೀ ಹೊರೆ ಆಗದ ಸಾಧಾರಣ ಉಪಾಯ ಮಾಡೋದು ಕರ್ತವ್ಯ, ಅದರಾಚೆಗಿನದ್ದು ಕಡ್ಡಾಯ ಅಲ್ಲ. 1980ರಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆಯಲ್ಲಿ ಮನೆಯವರ ಮೇಲೆ ವಿಪರೀತ ಖರ್ಚು ಬೀಳಬಾರದು ಅನ್ನೋದನ್ನೂ ನ್ಯಾಯವಾದ ಕಾರಣ ಅಂತ ಒಪ್ಪಿದ್ದಾರೆ, ಇದನ್ನ ಯಾಕೆ ಹೇಳ್ದೆ ಅಂದ್ರೆ ದುಡ್ಡಿನ ಯೋಚನೆ ನಿಮ್ಮ ತಲೇಲಿ ಒಂದು ಕ್ಷಣ ಬಂದಿದ್ರೆ ಅದನ್ನೇ ಹಿಡ್ಕೊಂಡು ಕೊರಗಬೇಡಿ ಅಂತ. ಧರ್ಮೋಪದೇಶ ಗ್ರಂಥದ 2278ನೇ ಪ್ಯಾರಾ ಓದಿ, ನಿಮಗೋಸ್ಕರಾನೇ ಬರೆದಿದಾರೇನೋ ಅನ್ನಿಸತ್ತೆ. ಹೊರೆಯಾದ, ಅಪಾಯದ, ಅಸಾಧಾರಣವಾದ, ಸಿಗೋ ಫಲಕ್ಕೆ ಹೋಲಿಸಿದ್ರೆ ಅತಿಯಾದ ಚಿಕಿತ್ಸೆಯನ್ನ ನಿಲ್ಲಿಸೋದು ನ್ಯಾಯಸಮ್ಮತ ಆಗ್ಬಹುದು, ಅಲ್ಲಿ ಸಾವನ್ನ ಬಯಸಿ ತಂದಿದ್ದಲ್ಲ, ಅದನ್ನ ತಡೆಯೋಕೆ ನಮ್ಮಿಂದ ಆಗಲ್ಲ ಅಂತ ಒಪ್ಕೊಂಡಿದ್ದು ಅಷ್ಟೇ ಅನ್ನೋದು ಅದರ ತಾತ್ಪರ್ಯ.

ಇದು ಬರೀ ಮಾತಿನ ಜಾಣತನ ಅಂತ ಅನ್ನಿಸಿದ್ರೆ ಕ್ಯಾರೆನ್ ಆನ್ ಕ್ವಿನ್ಲನ್ ವಿಷಯ ಕೇಳಿ. ಅಮೆರಿಕದ ನ್ಯೂಜೆರ್ಸಿಯ 21 ವರ್ಷದ ಹುಡುಗಿ, 1975ರ ಏಪ್ರಿಲಲ್ಲಿ ಪ್ರಜ್ಞೆ ತಪ್ಪಿದವಳು ಮತ್ತೆ ಏಳಲಿಲ್ಲ. ಅಪ್ಪ ಅಮ್ಮ ಇಬ್ಬರೂ ಶ್ರದ್ಧೆಯ ಕ್ಯಾಥೋಲಿಕರು, ತಮ್ಮ ಚರ್ಚಿನ ಗುರುಗಳ ಹತ್ರ ಹೋಗಿ ಕೇಳಿದ್ರು, ಅವರು 1957ರ ಪೋಪ್ ಮಾತನ್ನೇ ಆಧಾರ ಇಟ್ಕೊಂಡು ಯಂತ್ರ ತೆಗೆಸೋದು ತಪ್ಪಲ್ಲ ಅಂದ್ರು, ಬಿಷಪ್ಪರೂ ಬೆಂಬಲಿಸಿದ್ರು. ಆಸ್ಪತ್ರೆ ಒಪ್ಪದೆ ವಿಷಯ ಕೋರ್ಟಿಗೆ ಹೋಯ್ತು, 1976ರ ಮಾರ್ಚಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಡ್ತು. ಯಂತ್ರ ತೆಗೆದ್ರು, ಎಲ್ಲರೂ ಸಾಯ್ತಾಳೆ ಅಂದ್ಕೊಂಡಿದ್ರೆ ಅವಳು ತಾನಾಗೇ ಉಸಿರಾಡೋಕೆ ಶುರು ಮಾಡಿದ್ಲು! 1985ರ ಜೂನ್ ತನಕ ಬದುಕಿದ್ಲು. ಅಷ್ಟೂ ವರ್ಷ ಅಪ್ಪ ಅಮ್ಮ ನಳಿಕೆಯಲ್ಲಿ ಆಹಾರ ಕೊಡೋದನ್ನ ನಿಲ್ಲಿಸಿ ಅಂತ ಕೇಳಲಿಲ್ಲ, ನೋಡ್ಕೊಂಡೇ ಇದ್ರು. ಅವರಿಗೆ ಬೇಡ ಅನ್ನಿಸಿದ್ದು ಯಂತ್ರ, ಮಗಳು ಸಾಯೋದು ಅವರ ಪ್ಲಾನ್ ಆಗಿರ್ಲಿಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ. ನೀವೂ ನಿಮ್ಮನ್ನ ಇದೇ ಕೇಳ್ಕೊಳ್ಳಿ: ಟ್ಯೂಬ್ ತೆಗೆದ್ಮೇಲೂ ಅಪ್ಪ ಉಸಿರಾಡ್ಕೊಂಡು ಇನ್ನೊಂದು ಹತ್ತು ದಿನ ಇದ್ದಿದ್ರೆ, "ಅಯ್ಯೋ ಕೆಲಸ ಕೆಡ್ತು" ಅಂತ ಅನ್ನಿಸ್ತಿತ್ತಾ, ಬೇರೆ ಏನಾದ್ರೂ ಮಾಡಿ ಮುಗಿಸಿ ಅಂತ ಡಾಕ್ಟರ ಹತ್ರ ಕೇಳ್ತಿದ್ರಾ? ಇಲ್ಲ ಅಂದ್ರೆ ನೀವು ಆರಿಸ್ಕೊಂಡಿದ್ದು ಸಾವನ್ನಲ್ಲ.

ಈ ಅನುಮತಿಗೆ ಮಿತಿನೂ ಇದೆ. ಯಂತ್ರ ನಿಲ್ಲಿಸಿದ್ರೂ ರೋಗಿಯ ಆರೈಕೆ ನಿಲ್ಲಿಸೋ ಹಾಗಿಲ್ಲ, ಮೈ ಒರೆಸೋದು, ನೋವು ಕಮ್ಮಿ ಮಾಡೋದು ಇವೆಲ್ಲ ಬಿಡೋ ಹಾಗಿಲ್ಲ. ನಳಿಕೆಯಲ್ಲಿ ಕೊಡೋ ಆಹಾರ ನೀರು ಕೂಡ ತಾತ್ವಿಕವಾಗಿ ಸಾಧಾರಣ ಉಪಾಯಾನೇ, ಅದು ಇನ್ನು ದೇಹಕ್ಕೆ ಹತ್ತಲ್ಲ ಅನ್ನೋ ಸ್ಥಿತಿ ಬರೋ ತನಕ ಕೊಡ್ಬೇಕು ಅಂತ 2007ರಲ್ಲಿ ವ್ಯಾಟಿಕನ್ ಸ್ಪಷ್ಟ ಮಾಡಿದೆ. ನಿಮ್ಮ ತಂದೆಯ ವಿಷಯದಲ್ಲಿ ಈ ಪ್ರಶ್ನೆ ಏಳಲೇ ಇಲ್ಲ.

ಮಾರ್ಫಿನ್ ವಿಷಯ ನೀವು ಒಂದೇ ಸಾಲಲ್ಲಿ ಬರೆದಿದ್ದೀರಿ, ಆದ್ರೆ ಒಳಗೊಳಗೇ ಕೊರೀತಿರೋದು ಅದೇ ಅಂತ ನನ್ನ ಊಹೆ. ಇದಕ್ಕೆ ಇರೋದು ಎರಡು ಪರಿಣಾಮದ ತತ್ವ, ಡಬಲ್ ಎಫೆಕ್ಟ್ ಅಂತ ನರ್ಸಿಂಗ್ ಓದಿದವರಿಗೂ ಗೊತ್ತಿರತ್ತೆ. ಇದರ ಬೀಜ ಅಕ್ವಿನಾಸ್ ಆತ್ಮರಕ್ಷಣೆ ಬಗ್ಗೆ ಬರೆದಿರೋದ್ರಲ್ಲಿದೆ: ಒಂದೇ ಕೆಲಸಕ್ಕೆ ಎರಡು ಪರಿಣಾಮ ಇರ್ಬಹುದು, ಒಂದು ಉದ್ದೇಶಿಸಿದ್ದು, ಇನ್ನೊಂದು ಉದ್ದೇಶದಾಚೆ ಆಗೋದು, ಮೇಲೆ ಬಿದ್ದವನಿಂದ ನನ್ನ ಜೀವ ಉಳಿಸ್ಕೊಳ್ಳೋದು ನನ್ನ ಉದ್ದೇಶ, ಆ ಹೊಡೆತಕ್ಕೆ ಅವನು ಸತ್ತರೆ ಅದು ಉದ್ದೇಶದಾಚೆ. ಆದ್ರೆ ಬೇಕಾದ್ದಕ್ಕಿಂತ ಜಾಸ್ತಿ ಬಲ ಹಾಕಿದ್ರೆ ತಪ್ಪು ಅಂತ ಅಲ್ಲೇ ಹೇಳಿದ್ದಾರೆ. ಆಮೇಲಿನವರು ಇದನ್ನ ನಾಲ್ಕು ಷರತ್ತು ಮಾಡಿದ್ರು. ಕೆಲಸ ತನ್ನಷ್ಟಕ್ಕೆ ಕೆಟ್ಟದ್ದಾಗಿರಬಾರದು. ಕೆಟ್ಟ ಪರಿಣಾಮವನ್ನ ಬಯಸಿರಬಾರದು. ಕೆಟ್ಟದ್ದರ ಮೂಲಕ ಒಳ್ಳೇದು ಬರೋ ಹಾಗಿರಬಾರದು. ಆ ಕೆಡುಕನ್ನ ಸಹಿಸೋಕೆ ತಕ್ಕಷ್ಟು ದೊಡ್ಡ ಕಾರಣ ಇರ್ಬೇಕು.

ಮೂರನೇ ಷರತ್ತಲ್ಲೇ ಎಲ್ಲಾ ಇರೋದು. ನೋವು ತಡೆಯೋ ಮಾರ್ಫಿನ್ ಡೋಸ್ ಕೊಟ್ರೆ ನೋವು ಕಮ್ಮಿ ಆಗೋದು ಔಷಧಿಯಿಂದ, ಸಾವಿನಿಂದ ಅಲ್ಲ, ಉಸಿರಾಟ ನಿಧಾನ ಆಗೋ ಸಾಧ್ಯತೆ ಪಕ್ಕದಲ್ಲಿ ಬರೋ ಪರಿಣಾಮ. ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚಿ ಹೃದಯ ನಿಲ್ಲಿಸಿದ್ರೂ ನೋವು ಹೋಗತ್ತೆ, ಆದ್ರೆ ಅಲ್ಲಿ ನೋವು ಹೋಗೋದೇ ಸಾವಿನ ಮೂಲಕ. ಮೊದಲನೇದು ಉಪಶಮನ, ಎರಡನೇದು ಕೊಲೆ, ಎರಡೂ ಕಡೆ ಕರುಣೆ ಅಷ್ಟೇ ಇದ್ರೂ ಸಹ. ಬೇರೆ ದಾರಿ ಇಲ್ಲ ಅಂದ್ರೆ, ಆಯುಸ್ಸು ಸ್ವಲ್ಪ ಕಮ್ಮಿ ಆಗೋ ಸಂಭವ ಇದ್ರೂ ನೋವು ನಿವಾರಕ ಕೊಡ್ಬಹುದು ಅಂತ ಅದೇ ಹನ್ನೆರಡನೇ ಪಯಸ್ 1957ರ ಫೆಬ್ರವರಿಯಲ್ಲೇ ಹೇಳಿದ್ರು. ನಿಮ್ಮ ತಂದೆಗೆ ನೋವಿನ ಅಳತೆಗೆ ತಕ್ಕ ಡೋಸ್ ಕೊಟ್ಟಿದ್ರೆ ಇಲ್ಲಿ ಪಾಪದ ಪ್ರಶ್ನೆನೇ ಬರಲ್ಲ. (ಈ ತತ್ವವನ್ನ ರಬ್ಬರ್ ಥರ ಎಳೆದು ಏನು ಬೇಕಾದ್ರೂ ಸಮರ್ಥಿಸೋರು ಇದ್ದಾರೆ, ನಾಲ್ಕನೇ ಷರತ್ತು ಒಂದನ್ನೇ ಓದಿರ್ತಾರೆ ಅಂಥವರು.)

ಈಗ ನಿಮ್ಮ ಪ್ರಾರ್ಥನೆ. ಅಪ್ಪ ಬೇಗ ಹೋಗ್ಲಿ ಅಂತ ಬೇಡ್ಕೊಂಡಿದ್ದಕ್ಕೆ ಅದೇ ನಿಮ್ಮ ಉದ್ದೇಶ ಆಗಿಬಿಡ್ತಲ್ಲ ಅಂತ ನೀವು ಜೋಡಿಸ್ಕೊಂಡಿದ್ದೀರಿ. ಬಯಕೆ ಬೇರೆ, ಉದ್ದೇಶ ಬೇರೆ. ಉದ್ದೇಶ ಅಂದ್ರೆ ನಾನು ಮಾಡೋ ಕೆಲಸದಿಂದ ಇದನ್ನ ಸಾಧಿಸ್ತೀನಿ ಅಂತ ಇಟ್ಕೊಂಡ ಗುರಿ. ನೀವು ಕೇಳಿದ್ದು ದೇವರನ್ನ, ಜೀವದ ಒಡೆಯನನ್ನ, ಬಿಡುಗಡೆ ಕೊಡು ಅಂತ. ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾಕು ಪ್ರಭು ನನ್ನ ಪ್ರಾಣ ತಗೋ ಅಂತ ಕೇಳಿದ್ದು ಬೈಬಲಲ್ಲೇ ಇದೆ, ಅದಕ್ಕೆ ದೇವರು ಬೈಯಲಿಲ್ಲ, ಊಟ ಕಳಿಸಿದ್ರು. ಪೌಲರೂ ಇಲ್ಲಿಂದ ಹೊರಟು ಕ್ರಿಸ್ತನ ಜೊತೆ ಇರೋ ಆಸೆ ನನಗೆ ಅಂತ ಫಿಲಿಪ್ಪಿಯವರಿಗೆ ಬರೆದಿದ್ದಾರೆ. ನರಳೋ ಅಪ್ಪನನ್ನ ನೋಡಿ ಹಾಗೆ ಬೇಡ್ಕೊಳ್ಳೋದು ಮಗಳ ಪ್ರೀತಿ.

ಪಕ್ಕದಲ್ಲಿ ನಿಂತಿದ್ದೆ, ನನಗೂ ಪಾಲಿದೆಯಾ ಅನ್ನೋ ಧ್ವನಿ ನಿಮ್ಮ ಪತ್ರದಲ್ಲಿದೆ. ಕೆಟ್ಟ ಕೆಲಸಕ್ಕೆ ಸಹಕಾರ ಅನ್ನೋದು ಈ ಶಾಸ್ತ್ರದ ದೊಡ್ಡ ಅಧ್ಯಾಯ. ಯಜಮಾನ ಇನ್ನೊಬ್ಬರ ಮನೆಗೆ ಕೆಟ್ಟ ಕೆಲಸಕ್ಕೆ ಕಿಟಕಿ ಹತ್ತೋಕೆ ಆಳು ಏಣಿ ಹಿಡಿದ್ರೆ, ಭುಜ ಕೊಟ್ರೆ ಅವನ ದೋಷ ಎಷ್ಟು ಅನ್ನೋದು 17ನೇ ಶತಮಾನದ ಫೇಮಸ್ ಉದಾಹರಣೆ, ದೊಡ್ಡ ನಷ್ಟದ ಭಯದಲ್ಲಿ ಮಾಡಿದ್ರೆ ಮಾರಕ ಪಾಪ ಅಲ್ಲ ಅನ್ನೋ ಸಡಿಲ ವಾದವನ್ನ 1679ರಲ್ಲಿ ಪೋಪ್ ಹನ್ನೊಂದನೇ ಇನ್ನೊಸೆಂಟ್ ಖಂಡಿಸಿದ್ರು. ಆ ಕೆಟ್ಟ ಇಚ್ಛೆಗೇ ಸೇರ್ಕೊಂಡ್ರೆ ಒಂದು ಥರದ ಸಹಕಾರ, ಅದು ಯಾವತ್ತೂ ತಪ್ಪು. ಇಚ್ಛೆಗೆ ಸೇರದೆ ಕೆಲಸಕ್ಕೆ ಮಾತ್ರ ಹೇಗೋ ಸಹಾಯ ಆದ್ರೆ ಇನ್ನೊಂದು ಥರ, ಅದನ್ನ ಎಷ್ಟು ಹತ್ತಿರ ಎಷ್ಟು ದೂರ, ಕಾರಣ ಎಷ್ಟು ದೊಡ್ಡದು ಅಂತ ಅಳೀತಾರೆ. 2020ರ ಡಿಸೆಂಬರಲ್ಲಿ ಕೋವಿಡ್ ಲಸಿಕೆ ಬಗ್ಗೆ ವ್ಯಾಟಿಕನ್ ಕೊಟ್ಟ ಉತ್ತರದಲ್ಲಿ ಬಳಸಿದ್ದು ಇದೇ ಅಳತೆ, ಹಳೇ ಗರ್ಭಪಾತದಿಂದ ಬಂದ ಜೀವಕೋಶ ಬಳಸಿದ ಲಸಿಕೆ, ಬೇರೆ ಸಿಗದಿದ್ದಾಗ ತಗೋಬಹುದು, ಆ ಸಹಕಾರ ಬಹಳ ದೂರದ್ದು ಅಂತ. ನಿಮಗೆ ಇದಾವುದೂ ಬೇಡ, ಅಲ್ಲಿ ಕೆಟ್ಟ ಕೆಲಸಾನೇ ನಡೆದಿಲ್ಲ ಅಂದ್ಮೇಲೆ ಅದಕ್ಕೆ ಸಹಕಾರ ಎಲ್ಲಿಂದ ಬಂತು.

ಇನ್ನು ಮನಸ್ಸಾಕ್ಷಿ. ಇದು ಒಳಗಿಂದ ಏಳೋ ಭಾವನೆ ಅಂತ ನಾವು ಅಂದ್ಕೊಂಡುಬಿಟ್ಟಿದ್ದೀವಿ, ಶಾಸ್ತ್ರದಲ್ಲಿ ಅದು ತೀರ್ಪು. ಇರೋ ತಿಳುವಳಿಕೆ ಇಟ್ಕೊಂಡು, ಇಲ್ಲಿ ಈಗ ಈ ಕೆಲಸ ಮಾಡ್ಬೇಕು ಅಥವಾ ಮಾಡಬಾರದು ಅಂತ ಬುದ್ಧಿ ಕೊಡೋ ತೀರ್ಪು. ಅದನ್ನ ಮೀರಬಾರದು ಅನ್ನೋದ್ರಲ್ಲಿ ಅಕ್ವಿನಾಸ್ ಎಷ್ಟು ಗಟ್ಟಿ ಅಂದ್ರೆ, ಕ್ರಿಸ್ತನನ್ನ ನಂಬೋದೇ ಕೆಟ್ಟದ್ದು ಅಂತ ಒಬ್ಬನ ಬುದ್ಧಿ ನಿಜವಾಗ್ಲೂ ತೀರ್ಮಾನ ಮಾಡಿದ್ರೆ, ಅದನ್ನ ಮೀರಿ ನಂಬೋದು ಅವನಿಗೆ ತಪ್ಪಾಗತ್ತೆ ಅಂತಾರೆ. ಚರ್ಚಿನ ಅತಿ ದೊಡ್ಡ ಪಂಡಿತರೇ ಹೇಳಿರೋ ಮಾತು ಇದು, ಕೇಳಿದವರು ಬೆಚ್ಚಿಬೀಳ್ತಾರೆ! ಆದ್ರೆ ಮುಂದಿನ ಪುಟದಲ್ಲೇ ಅವರು, ತಿಳ್ಕೊಳ್ಳೋ ಅವಕಾಶ ಇದ್ದೂ ತಿಳ್ಕೊಳ್ಳದೇ ಇದ್ರೆ ಆ ಅಜ್ಞಾನ ನಿನ್ನದೇ ತಪ್ಪು ಅಂತಾನೂ ಹೇಳ್ತಾರೆ. ಹಾಗಾಗಿ ನನಗೆ ಹೀಗೆ ಅನ್ನಿಸ್ತು ಅಷ್ಟೇ ಅನ್ನೋರಿಗೆ ಇದು ಲೈಸೆನ್ಸ್ ಅಲ್ಲ. ಪೋಪ್ ಫ್ರಾನ್ಸಿಸ್ 2016ರಲ್ಲಿ ಗುರುಗಳಿಗೆ ನೆನಪಿಸಿದ್ದು ಈ ಎರಡೂ ಕಡೆ ಸೇರಿಸಿ, ಮನಸ್ಸಾಕ್ಷಿಯನ್ನ ರೂಪಿಸೋದು ನಮ್ಮ ಕೆಲಸ, ಅದರ ಜಾಗದಲ್ಲಿ ನಾವೇ ಕೂತುಬಿಡೋದಲ್ಲ ಅನ್ನೋ ಅರ್ಥದಲ್ಲಿ.

ನಿಮ್ಮ ವಿಷಯದಲ್ಲಿ ಮನಸ್ಸಾಕ್ಷಿ ಆ ದಿನ ಐಸಿಯು ಹೊರಗೆ ತೀರ್ಪು ಕೊಟ್ಟಾಗಿದೆ, ಡಾಕ್ಟರನ್ನ ಕೇಳಿದ್ರಿ, ಅಮ್ಮನನ್ನ ಕೇಳಿದ್ರಿ, ಯೋಚನೆ ಮಾಡಿದ್ರಿ. ಈಗ ದಿನಕ್ಕೊಂದು ಹೇಳ್ತಿರೋದು ಮನಸ್ಸಾಕ್ಷಿ ಅಲ್ಲ. ಸ್ವಲ್ಪ ಭಾಗ ದುಃಖ, ಅದು ಅಪರಾಧದ ವೇಷ ಹಾಕ್ಕೊಂಡು ಬರತ್ತೆ. ಇನ್ನು ಸ್ವಲ್ಪ ಭಾಗ ನಮ್ಮಲ್ಲಿ ಸ್ಕ್ರೂಪಲ್ಸ್ ಅಂತ ಕರೆಯೋ ಕಾಯಿಲೆ, ಪಾಪ ಇಲ್ಲದ ಕಡೆ ಪಾಪ ಹುಡುಕಿ ಹುಡುಕಿ, ಎಷ್ಟು ಸಲ ಕ್ಷಮೆ ಸಿಕ್ರೂ ಸಿಕ್ಕಿಲ್ಲ ಅನ್ನಿಸೋದು. ಲೊಯೋಲದ ಸಂತ ಇಗ್ನಾಸಿಯವರು ಇದರಲ್ಲಿ ಒದ್ದಾಡಿದ್ರು, ನೈತಿಕ ದೈವಶಾಸ್ತ್ರದ ಪೋಷಕ ಸಂತರಾದ ಅಲ್ಫೋನ್ಸ್ ಲಿಗೋರಿಯವರೂ ಜೀವನಪೂರ್ತಿ ಒದ್ದಾಡಿದ್ರು. ಅದಕ್ಕೆ ಅವರು ಕೊಡೋ ಮದ್ದು ಒಂದೇ, ಒಬ್ಬ ಗುರುಗಳನ್ನ ಹಿಡ್ಕೊಂಡು ಅವರ ಮಾತಿಗೆ ತಲೆಬಾಗೋದು. ಆದ್ರಿಂದ ಈ ವಿಷಯವನ್ನ ಮೂರನೇ ಫಾದರ್ ಹತ್ರ ತಗೊಂಡು ಹೋಗಬೇಡಿ. ಮೊದಲನೇ ಫಾದರ್ ಹತ್ರಾನೇ ವಾಪಸ್ ಹೋಗಿ, ಇದನ್ನ ಮತ್ತೆ ನಿವೇದನೆ ಮಾಡಲ್ಲ ಅಂತ ಅವರಿಗೇ ಹೇಳಿ. ನಿದ್ದೆ, ಊಟ ಕೆಡೋವಷ್ಟು ಆಗಿದ್ರೆ ಕೌನ್ಸೆಲರ್ ಹತ್ರಾನೂ ಹೋಗಿ, ಅದು ವಿಶ್ವಾಸದ ಕೊರತೆ ಅಲ್ಲ.

ದೊಡ್ಡಮ್ಮನ ಬಗ್ಗೆ ಕೋಪ ಮಾಡ್ಕೋಬೇಡಿ. ಅವರ ನಿಲುವಿಗೂ ಚರಿತ್ರೆಯಲ್ಲಿ ಒಂದು ಜಾಗ ಇದೆ. ಅನುಮಾನ ಬಂದಾಗೆಲ್ಲ ಅತಿ ಕಟ್ಟುನಿಟ್ಟಾದ ದಾರೀನೇ ಹಿಡೀಬೇಕು ಅನ್ನೋ ಪಂಥ ಒಂದಿತ್ತು, ಆಧಾರ ಇರೋ ಒಂದು ಅಭಿಪ್ರಾಯ ಸಿಕ್ರೆ ಸಾಕು ಅನ್ನೋ ಪಂಥ ಇನ್ನೊಂದಿತ್ತು, ನೂರು ವರ್ಷಕ್ಕೂ ಮೇಲೆ ಕಿತ್ತಾಡಿದ್ರು. ಅತಿ ಸಡಿಲವಾದ್ದನ್ನೂ ರೋಮ್ ಖಂಡಿಸ್ತು, 1690ರಲ್ಲಿ ಅತಿ ಕಟ್ಟುನಿಟ್ಟಾದ್ದನ್ನೂ ಖಂಡಿಸ್ತು. ಕೊನೆಗೆ ಅಲ್ಫೋನ್ಸರು ನಡುವಿನ ದಾರಿ ತೋರ್ಸಿದ್ರು, ನಿಯಮ ಇದೆಯೋ ಇಲ್ವೋ ಅಂತಾನೇ ನಿಜವಾದ ಅನುಮಾನ ಇದ್ರೆ ಆ ನಿಯಮ ಯಾರನ್ನೂ ಕಟ್ಟಿಹಾಕಲ್ಲ ಅಂತ. ನಿಮ್ಮ ವಿಷಯದಲ್ಲಿ ಅನುಮಾನನೂ ಇಲ್ಲ, ಬೋಧನೆ ಸ್ಪಷ್ಟ ಇದೆ. ದೊಡ್ಡಮ್ಮ ಕೇಳೋ ಸ್ಥಿತಿಯಲ್ಲಿದ್ರೆ 2278ನೇ ಪ್ಯಾರಾ ತೋರಿಸಿ, ಇಲ್ಲ ಅಂದ್ರೆ ಫಾದರನ್ನೇ ಒಂದ್ಸಲ ಮನೆಗೆ ಕರೆಸಿ ಮಾತಾಡ್ಸಿ, ನೀವು ವಾದಕ್ಕೆ ಇಳೀಬೇಡಿ.

ಕೊನೇದಾಗಿ ನಿಮ್ಮ ಅಣ್ಣ. ನಿಮ್ಮ ಪತ್ರದಲ್ಲಿ ಅವರು ಏನಂತಾರೆ ಅಂತ ಒಂದು ಸಾಲೂ ಇಲ್ಲ. ಸಹಿ ಹಾಕಿದವರು ಅವರು, ದೊಡ್ಡಮ್ಮನ ಮಾತು ಅವರ ಕಿವಿಗೂ ಬಿದ್ದಿರತ್ತೆ, ಗಂಡಸರು ಇಂಥದ್ದನ್ನ ಬಾಯ್ಬಿಟ್ಟು ಹೇಳೋದು ಕಮ್ಮಿ. ಈ ಉತ್ತರವನ್ನ ಅವರಿಗೂ ಓದೋಕೆ ಕೊಡಿ, ಅಮ್ಮ ಇರುವಾಗಲೇ ಕೊಡಿ.